ಗೌತಮಪುರದ ಪೆಲೆ

ರಾಯಚೂರಿನಿಂದ ಮಂತ್ರಾಲಯದ ದಾರಿ ಹಿಡಿದರೆ ಸಿಗುವ ಊರು ಯರಗೇರಾ. ಸಂಜೆ ಬಿಸಿಲು ಇಳಿದು, ಶಾಲೆಯ ಕೊನೆಯ ಗಂಟೆ ಬಾರಿಸಿದ ಮೇಲೆ ಇಲ್ಲಿಯ ಹುಡುಗರ ಕೈಗೆ ಮೊದಲು ಬರುವುದು ಕ್ರಿಕೆಟ್ ಬ್ಯಾಟು. ಬ್ಯಾಟಿಲ್ಲದವರಿಗೆ ಕಬಡ್ಡಿ, ಖೋಖೋ ಇದ್ದೇ ಇವೆ. ಫುಟ್‌ಬಾಲ್ ಎಂಬುದು ನಾಲ್ಕು ವರ್ಷಕ್ಕೊಮ್ಮೆ ಟಿ.ವಿ.ಯಲ್ಲಿ ಬಂದು ಹೋಗುವ ಹಬ್ಬ. ಆ ಹಬ್ಬದ ಅಮಲಿನಲ್ಲಿ ಮಗ ಚೆಂಡು ಕೊಡಿಸೆಂದು ಕೇಳಿದರೆ ಮನೆಯಲ್ಲಿ ಸಿಗುವ ಉತ್ತರವೂ ಒಂದೇ: ‘ಆಡಿದ್ರ ಹೊಟ್ಟಿ ತುಂಬ್ತದೇನೋ?’

ಪ್ರಶ್ನೆ ಒರಟಾಗಿ ಕೇಳಿಸಿದರೂ ಅದನ್ನು ತಳ್ಳಿಹಾಕುವಂತಿಲ್ಲ. ಇದೇ ಪ್ರಶ್ನೆಗೆ ಕರ್ನಾಟಕದ ಒಂದು ಬಡಾವಣೆ ಹಲವು ದಶಕಗಳ ಕಾಲ ‘ಹೌದು, ತುಂಬುತ್ತದೆ’ ಎಂದು ಉತ್ತರ ಕೊಟ್ಟಿತ್ತು. ಅದನ್ನು ನೋಡಬೇಕಾದರೆ ಬೆಂಗಳೂರಿಗೆ ಹೋಗಬೇಕು.

ರಾಯಚೂರಿನಿಂದ ಗುಂತಕಲ್, ಅನಂತಪುರದ ಮೇಲೆ ಬೆಂಗಳೂರಿಗೆ ಬರುವ ಹಲವು ರೈಲುಗಳು ಮುಖ್ಯ ನಿಲ್ದಾಣಕ್ಕಿಂತ ಮೊದಲು ದಂಡು ನಿಲ್ದಾಣವನ್ನು ಮುಟ್ಟುತ್ತವೆ. ದಂಡು ಎಂದರೆ ಸೈನ್ಯ. ಅಲ್ಲಿ ಇಳಿದು ಹಲಸೂರಿನ ಕಡೆ ಹೋದರೆ, ಕೆರೆಯಿಂದ ತುಸು ದೂರದಲ್ಲಿ ಗೌತಮಪುರವಿದೆ. ಇಕ್ಕಟ್ಟಾದ ಬೀದಿಗಳು, ಗೋಡೆಗೆ ಗೋಡೆ ತಾಗಿದ ಮನೆಗಳು, ಬಾಗಿಲಿಗೇ ನಿಲ್ಲಿಸಿದ ದ್ವಿಚಕ್ರ ವಾಹನಗಳು. ಇಷ್ಟಾದರೆ ಬೆಂಗಳೂರಿನ ಯಾವ ಹಳೆಯ ಬಡಾವಣೆಯೂ ಆಗಬಹುದು. ಆದರೆ ಇಲ್ಲಿ ಬುದ್ಧ, ಡಾ. ಅಂಬೇಡ್ಕರ್, ಮದರ್ ತೆರೇಸಾ ಅವರ ಪ್ರತಿಮೆಗಳ ಜೊತೆಗೆ ಇನ್ನೊಂದು ಪ್ರತಿಮೆಯೂ ನಿಂತಿದೆ. ಅದು ಬ್ರೆಜಿಲ್ ದೇಶದ ಫುಟ್‌ಬಾಲ್ ಆಟಗಾರ ಪೆಲೆಯದು.

ಪೆಲೆ ಇಲ್ಲಿಗೆ ಹೇಗೆ ಬಂದ? ಈ ಪ್ರಶ್ನೆಗೆ ಉತ್ತರ ಹುಡುಕಿದರೆ ಒಂದು ಆಟಕ್ಕೆ ಅಭಿಮಾನಿಗಳು ಹೇಗೆ ಹುಟ್ಟುತ್ತಾರೆ ಎಂಬುದೂ ತಿಳಿಯುತ್ತದೆ.

ದಂಡಿನ ನೆರಳಿನಲ್ಲಿ

ಬ್ರಿಟಿಷರು 1809ರಲ್ಲಿ ಹಲಸೂರಿನ ಬಳಿ ತಮ್ಮ ದಂಡನ್ನು ನೆಲೆಗೊಳಿಸಿದರು. ಸೈನಿಕರ ಹಿಂದೆ ಅಡಿಗೆಯವರು, ಅಗಸರು, ಕುದುರೆ ನೋಡುವವರು, ಕೂಲಿಕಾರರು ಬಂದರು. ಅವರಲ್ಲಿ ತಮಿಳು ಮಾತನಾಡುವವರೇ ಹೆಚ್ಚು. ಗೌತಮಪುರಕ್ಕೆ ಮೊದಲು ‘ಗನ್ ಟ್ರೂಪ್’ ಎಂದೇ ಹೆಸರಿತ್ತು. ಸೈನಿಕರು ಸಂಜೆ ಆಡುತ್ತಿದ್ದ ಫುಟ್‌ಬಾಲನ್ನು ಈ ಮನೆಗಳ ಹುಡುಗರು ನೋಡಿ ನೋಡಿಯೇ ಕಲಿತರು. ಕ್ರಿಕೆಟ್ಟಿಗೆ ಬ್ಯಾಟು, ವಿಕೆಟ್ಟು ಬೇಕು. ಹಾಕಿಗೆ ಕೋಲು ಬೇಕು. ಫುಟ್‌ಬಾಲಿಗೆ ಹತ್ತಾರು ಹುಡುಗರ ನಡುವೆ ಒಂದು ಚೆಂಡು ಸಾಕು. ಬಡವರ ಬೀದಿಗೆ ಆ ಆಟ ಒಗ್ಗಿದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ನೋಡಿ ಕಲಿತವರು ಕಲಿಸಿದವರನ್ನೇ ಸೋಲಿಸುವ ಕಾಲವೂ ಬಂತು. ಮುಂಬಯಿಯ ರೋವರ್ಸ್ ಕಪ್ 1891ರಲ್ಲಿ ಆರಂಭವಾದ ಪಂದ್ಯಾವಳಿ. ಹಲವು ದಶಕಗಳ ಕಾಲ ಅದನ್ನು ಸೈನ್ಯದ ತಂಡಗಳೇ ಗೆಲ್ಲುತ್ತಿದ್ದವು. 1937ರಲ್ಲಿ ಆ ಕಪ್ಪನ್ನು ಎತ್ತಿಕೊಂಡ ಮೊದಲ ಭಾರತೀಯ ನಾಗರಿಕ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅವರದೇ ಗೆಲುವು. ಮುಂದೆ ಮೈಸೂರು ತಂಡ 1946-47, 1952-53, 1967-68 ಮತ್ತು 1968-69ರಲ್ಲಿ ರಾಷ್ಟ್ರೀಯ ಚಾಂಪಿಯನ್‌ಷಿಪ್ ಆದ ಸಂತೋಷ್ ಟ್ರೋಫಿಯನ್ನು ಗೆದ್ದುಕೊಂಡಿತು.

ಸ್ವತಂತ್ರ ಭಾರತ ಒಲಿಂಪಿಕ್ಸಿನಲ್ಲಿ ಮೊದಲ ಫುಟ್‌ಬಾಲ್ ಪಂದ್ಯ ಆಡಿದ್ದು 1948ರ ಜುಲೈ 31ರಂದು, ಲಂಡನ್ನಿನ ಬಳಿಯ ಇಲ್ಫರ್ಡ್‌ನಲ್ಲಿ. ಎದುರಾಳಿ ಫ್ರಾನ್ಸ್. ಭಾರತದ ಹೆಚ್ಚಿನ ಆಟಗಾರರ ಕಾಲಿಗೆ ಬೂಟಿರಲಿಲ್ಲ. ಎರಡು ಪೆನಾಲ್ಟಿಗಳನ್ನು ಕೈಬಿಟ್ಟು ಭಾರತ 1-2ರಿಂದ ಸೋತಿತು. ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಇನ್ನೊಬ್ಬ ಆಟಗಾರ ಅಹ್ಮದ್ ಖಾನ್. ಚೆಂಡನ್ನು ಕಾಲಿನಲ್ಲೇ ಆಡಿಸುವ ಅವರ ಚಳಕಕ್ಕೆ ಜನ ಅವರನ್ನು ‘ಹಾವಾಡಿಗ’ ಎಂದು ಕರೆಯುತ್ತಿದ್ದರು. ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದ ಮುಂಚೂಣಿಯ ಐವರನ್ನು ‘ಪಂಚಪಾಂಡವರು’ ಎನ್ನುತ್ತಿದ್ದರು. ಅವರಲ್ಲಿ ಅಹ್ಮದ್ ಖಾನ್ ಒಬ್ಬರು.

ಬರಿಗಾಲಿನ ಆಟಕ್ಕೆ ಪೂರ್ಣವಿರಾಮ ಹಾಕಿದ್ದು 1952ರ ಹೆಲ್ಸಿಂಕಿ ಒಲಿಂಪಿಕ್ಸ್. ಕೊರೆಯುವ ಚಳಿಯಲ್ಲಿ ಯುಗೊಸ್ಲಾವಿಯದ ಎದುರು ಭಾರತ 1-10ರಿಂದ ಸೋತಿತು. ಏಕೈಕ ಗೋಲು ಅಹ್ಮದ್ ಖಾನರದು. ಇದರ ಹಿಂದಿನ ವಿಜ್ಞಾನ ಸರಳ. ಒಣ ಮಣ್ಣಿನ ಮೇಲೆ ಬರಿಗಾಲಿಗೂ ನೆಲಕ್ಕೂ ನಡುವೆ ಬೇಕಾದಷ್ಟು ಘರ್ಷಣೆ ಇರುತ್ತದೆ. ಚೆಂಡಿನ ಸ್ಪರ್ಶವೂ ನೇರವಾಗಿ ಸಿಗುತ್ತದೆ. ಒದ್ದೆ ಹುಲ್ಲಿನ ಮೇಲೆ ನೀರಿನ ಪದರ ಈ ಘರ್ಷಣೆಯನ್ನು ತಗ್ಗಿಸುತ್ತದೆ; ಓಡುವವನು ತಿರುಗಲು ಹೋದರೆ ಜಾರುತ್ತಾನೆ. ಬೂಟಿನ ಅಡಿಯ ಉಬ್ಬುಗಳು ಮಣ್ಣಿನೊಳಗೆ ಇಳಿದು ಹಿಡಿತ ಕೊಡುತ್ತವೆ. ಬೆಂಗಳೂರಿನ ಬೀದಿಯಲ್ಲಿ ವರವಾಗಿದ್ದ ಬರಿಗಾಲು ಹೆಲ್ಸಿಂಕಿಯಲ್ಲಿ ಶಾಪವಾಯಿತು. ಆ ಬಳಿಕ ಭಾರತದ ಆಟಗಾರರಿಗೆ ಬೂಟು ಕಡ್ಡಾಯವಾಯಿತು.

ನೌಕರಿ ಕೊಟ್ಟ ಚೆಂಡು

ಸ್ವಾತಂತ್ರ್ಯಾನಂತರ ಬೆಂಗಳೂರು ಕಾರ್ಖಾನೆಗಳ ನಗರವಾಯಿತು. ವಿಮಾನ ಕಾರ್ಖಾನೆ ಎಚ್.ಎ.ಎಲ್., ದೂರವಾಣಿ ಉಪಕರಣಗಳ ಐ.ಟಿ.ಐ. ಮುಂತಾದವು ತಮ್ಮದೇ ಫುಟ್‌ಬಾಲ್ ತಂಡಗಳನ್ನು ಕಟ್ಟಿದವು. ಹಲಸೂರಿನಲ್ಲೇ ನೆಲೆಯಾದ ಸೈನ್ಯದ ಎಂ.ಇ.ಜಿ.ಯ ತಂಡವಂತೂ ಇದ್ದೇ ಇತ್ತು. ಚೆನ್ನಾಗಿ ಆಡುವ ಹುಡುಗನಿಗೆ ಕಾರ್ಖಾನೆಯ ಗೇಟು ತೆರೆಯುತ್ತಿತ್ತು. ಬೆಳಿಗ್ಗೆ ಕೆಲಸ, ಸಂಜೆ ಅಭ್ಯಾಸ, ತಿಂಗಳ ಕೊನೆಗೆ ಸಂಬಳ, ನಿವೃತ್ತಿಯ ಮೇಲೆ ಭವಿಷ್ಯನಿಧಿ. ಗೌತಮಪುರದ, ಆಸ್ಟಿನ್ ಟೌನಿನ ತಾಯಂದಿರು ಮಗ ಮೈದಾನಕ್ಕೆ ಹೊರಟರೆ ತಡೆಯದಿದ್ದುದಕ್ಕೆ ಕಾರಣ ಇದು. ಅವರ ಪಾಲಿಗೆ ಚೆಂಡು ಬರಿಯ ಆಟವಸ್ತುವಲ್ಲ, ಅರ್ಜಿ ನಮೂನೆ.

ಆಡುವವನು ಪಕ್ಕದ ಮನೆಯ ಹುಡುಗ, ನೋಡುವವರು ಅವನ ಓಣಿಯವರು. ಟಿಕೆಟ್ಟಿಗಾಗಿ ಜಾಹೀರಾತು ಬೇಕಿರಲಿಲ್ಲ. ಅಣ್ಣ ಆಡಿದರೆ ತಮ್ಮ ನೋಡಲು ಹೋದ; ತಮ್ಮ ಆಡುವ ಹೊತ್ತಿಗೆ ಅಣ್ಣನ ಮಗ ನೋಡಲು ಬಂದ. ವಿಶ್ವಕಪ್ ಬಂದರೆ ಬೀದಿಗೆ ಬ್ರೆಜಿಲಿನ ಬಾವುಟ ಏರಿತು. ಬಡ ಬೀದಿಯಿಂದ ಬಂದು ಜಗತ್ತನ್ನು ಗೆದ್ದ ಕಪ್ಪು ಮೈಯ ಪೆಲೆ ಅವರಿಗೆ ಪರದೇಶದವನೆನಿಸಲಿಲ್ಲ.

ಅಮೆರಿಕದಲ್ಲಿ ನಡೆದದ್ದೇ ಬೇರೆ

ಇದೇ ಪೆಲೆ ಇನ್ನೊಂದು ದೇಶಕ್ಕೆ ಫುಟ್‌ಬಾಲ್ ಕಲಿಸಲು ಹೋಗಿದ್ದ. ಆ ದೇಶ ಅಮೆರಿಕ. ಅಲ್ಲಿ ಈ ಆಟಕ್ಕೆ ‘ಸಾಕರ್’ ಎಂದು ಹೆಸರು. 1894ರಲ್ಲಿ ಬೇಸ್‌ಬಾಲ್ ತಂಡಗಳ ಮಾಲೀಕರು, ತಮ್ಮ ಆಟ ನಿಂತ ತಿಂಗಳುಗಳಲ್ಲಿ ಮೈದಾನ ಖಾಲಿ ಬೀಳಬಾರದೆಂದು, ವೃತ್ತಿಪರ ಸಾಕರ್ ಲೀಗ್ ಒಂದನ್ನು ತೆರೆದರು. ಅದು ಕೆಲವೇ ವಾರಗಳಲ್ಲಿ ಮುಚ್ಚಿಹೋಯಿತು. 1921ರಲ್ಲಿ ಇನ್ನೊಂದು ಲೀಗ್ ಹುಟ್ಟಿತು. ಗಿರಣಿ, ಉಕ್ಕಿನ ಕಾರ್ಖಾನೆಗಳ ಊರುಗಳಲ್ಲಿ ನೆಲೆಸಿದ್ದ ಸ್ಕಾಟ್ಲೆಂಡ್, ಐರ್ಲೆಂಡ್, ಇಂಗ್ಲೆಂಡಿನ ವಲಸಿಗರು ಅದರ ಮೊದಲ ಅಭಿಮಾನಿಗಳು. ಅವರೂ ಕಾರ್ಖಾನೆಯ ಜನವೇ ಎಂಬುದನ್ನು ಗಮನಿಸಬೇಕು. ಒಳಜಗಳ, ಆರ್ಥಿಕ ಕುಸಿತಗಳ ಹೊಡೆತಕ್ಕೆ 1930ರ ದಶಕದ ಆರಂಭದಲ್ಲಿ ಅದೂ ಅಳಿಯಿತು.

ಮತ್ತೆ ಜನ ಬಂದದ್ದು 1975ರಲ್ಲಿ, ಪೆಲೆ ನ್ಯೂಯಾರ್ಕ್ ಕಾಸ್ಮಾಸ್ ತಂಡ ಸೇರಿದಾಗ. 1977ರ ಆಗಸ್ಟ್ 14ರಂದು ಆ ತಂಡದ ಪಂದ್ಯ ನೋಡಲು 77,691 ಮಂದಿ ನೆರೆದಿದ್ದರು. ಅದೇ ವರ್ಷ ಸೆಪ್ಟೆಂಬರ್ 24ರಂದು ಕಾಸ್ಮಾಸ್ ತಂಡ ಕಲ್ಕತ್ತೆಗೆ ಬಂದು ಮೋಹನ್ ಬಗಾನ್ ವಿರುದ್ಧ ಈಡನ್ ಗಾರ್ಡನ್ಸ್‌ನಲ್ಲಿ ಆಡಿತು. ಪಂದ್ಯ 2-2ರಲ್ಲಿ ಸಮವಾಯಿತು. ಕೆಲವೇ ದಿನಗಳಲ್ಲಿ ಪೆಲೆ ನಿವೃತ್ತನಾದ. 1984ರ ಋತುವಿನ ನಂತರ ಆ ಲೀಗೇ ಮುಗಿದುಹೋಯಿತು. ಜನ ಬಂದದ್ದು ಒಬ್ಬ ಮನುಷ್ಯನನ್ನು ನೋಡಲು. ಅವನು ಹೋದ ಮೇಲೆ ಅವರೂ ಮೆಲ್ಲಗೆ ಎದ್ದು ಹೋದರು.

ಆದರೆ ಪೆಲೆ ಬಿತ್ತಿದ್ದು ಪೂರ್ತಿ ವ್ಯರ್ಥವಾಗಲಿಲ್ಲ. ಅಮೆರಿಕದ ಶಾಲೆಗಳಲ್ಲಿ, ಬಡಾವಣೆಗಳಲ್ಲಿ ಹುಡುಗರೂ ಹುಡುಗಿಯರೂ ಸಾಕರ್ ಆಡತೊಡಗಿದ್ದರು. 1994ರ ವಿಶ್ವಕಪ್ ಅಲ್ಲಿ ನಡೆದಾಗ ಪಂದ್ಯವೊಂದಕ್ಕೆ ಸರಾಸರಿ 69,000ದಷ್ಟು ಜನ ಸೇರಿದರು. 1996ರಲ್ಲಿ ಆರಂಭವಾದ ಲೀಗ್ ಇಂದಿಗೂ ನಡೆದಿದೆ. ಆಡಿ ಬೆಳೆದವರು ನೋಡುಗರಾದ ಮೇಲೆ ಮಾತ್ರ ಅಲ್ಲಿ ವೃತ್ತಿಪರ ಆಟ ಬೇರು ಬಿಟ್ಟಿತು.

ಪಶ್ಚಿಮದ ಗ್ಯಾಲರಿ

ಕಾಕತಾಳೀಯವೆಂಬಂತೆ ಭಾರತದ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಶುರುವಾದದ್ದೂ 1996ರಲ್ಲೇ. ಮೊದಲ ವರ್ಷ ಗೆದ್ದ ಪಂಜಾಬಿನ ಜೆ.ಸಿ.ಟಿ. ತಂಡದಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕಾರ್ಲ್‌ಟನ್ ಚಾಪ್ಮನ್ ಇದ್ದರು. ಅವರು ಭಾರತ ತಂಡದ ನಾಯಕರೂ ಆದರು. ಆದರೆ ಬೆಂಗಳೂರಿನಲ್ಲಿ ಹಳೆಯ ವ್ಯವಸ್ಥೆ ಕುಸಿಯುತ್ತಿತ್ತು. ಕಾರ್ಖಾನೆಗಳು ನೇಮಕಾತಿ ತಗ್ಗಿಸಿದವು, ತಂಡಗಳು ಒಂದೊಂದಾಗಿ ಮಂಕಾದವು. ರಾಷ್ಟ್ರಮಟ್ಟದ ಐ-ಲೀಗ್‌ನಲ್ಲಿ ನಗರದ ಕೊನೆಯ ಕೊಂಡಿಯಂತಿದ್ದ ಎಚ್.ಎ.ಎಲ್. 2011-12ರ ಋತುವಿನ ಬಳಿಕ ಹೊರಬಿತ್ತು. ಇತ್ತ ಕೇಬಲ್ ಟಿ.ವಿ. ಬಂದು ನಗರದ ಹೊಸ ತಲೆಮಾರು ಇಂಗ್ಲೆಂಡಿನ ತಂಡಗಳ ಅಂಗಿ ತೊಟ್ಟಿತ್ತು. ಫುಟ್‌ಬಾಲ್ ಪ್ರೀತಿ ನಗರದಲ್ಲಿತ್ತು. ಆದರೆ ಅದರ ಕಣ್ಣು ಮಾತ್ರ ಮ್ಯಾಂಚೆಸ್ಟರಿನ ಮೇಲಿತ್ತು.

2013ರ ಜುಲೈಯಲ್ಲಿ ಬೆಂಗಳೂರು ಎಫ್.ಸಿ. ಹುಟ್ಟಿತು. ಜೆ.ಎಸ್.ಡಬ್ಲ್ಯೂ. ಕಂಪನಿ ಕಟ್ಟಿದ ತಂಡ, ನಾಯಕ ಸುನಿಲ್ ಛೆಟ್ರಿ. ಸೆಪ್ಟೆಂಬರ್ 22ರಂದು ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಮೋಹನ್ ಬಗಾನ್ ವಿರುದ್ಧ ಮೊದಲ ಪಂದ್ಯ, 1-1ರ ಸಮಬಲ. ಅದು ಚಿಕ್ಕ ಕ್ರೀಡಾಂಗಣ, ಗ್ಯಾಲರಿಯಲ್ಲಿ ಕುಳಿತವರಿಗೆ ಆಟಗಾರರು ಹತ್ತಿರವೇ ಕಾಣುತ್ತಿದ್ದರು. ಪಶ್ಚಿಮದ ಗ್ಯಾಲರಿಯಲ್ಲಿ ನಿಂತು, ಡೋಲು ಬಡಿದು, ತೊಂಬತ್ತು ನಿಮಿಷವೂ ಹಾಡುವ ಯುವಕರ ಗುಂಪೊಂದು ಬೆಳೆಯಿತು. ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂದು ಅದಕ್ಕೆ ಹೆಸರು. ಸಾಫ್ಟ್‌ವೇರ್ ಕಂಪನಿಯ ಉದ್ಯೋಗಿ, ಕಾಲೇಜು ವಿದ್ಯಾರ್ಥಿ, ಹಳೆಯ ಬಡಾವಣೆಯ ಹಿರಿಯ ಎಲ್ಲರೂ ಒಂದೇ ತಂಡದ ಹೆಸರು ಕೂಗಿದರು. ಮೊದಲ ಪ್ರಯತ್ನದಲ್ಲೇ, 2014ರ ಏಪ್ರಿಲ್‌ನಲ್ಲಿ, ತಂಡ ಐ-ಲೀಗ್ ಗೆದ್ದಿತು.

ಬಳಿಕ ತಂಡ ಕಂಠೀರವ ಕ್ರೀಡಾಂಗಣಕ್ಕೆ ಬಂತು. 2016ರ ಅಕ್ಟೋಬರ್ 19ರಂದು, ಹಿಂದಿನ ವರ್ಷದ ಎ.ಎಫ್.ಸಿ. ಕಪ್ ವಿಜೇತ ಮಲೇಷ್ಯಾದ ಜೊಹೊರ್ ತಂಡವನ್ನು ಇಲ್ಲೇ 3-1ರಿಂದ ಮಣಿಸಿ ಎ.ಎಫ್.ಸಿ. ಕಪ್ಪಿನ ಅಂತಿಮ ಹಂತ ಮುಟ್ಟಿದ ಮೊದಲ ಭಾರತೀಯ ತಂಡವಾಯಿತು. ದೋಹಾದಲ್ಲಿ ನಡೆದ ಅಂತಿಮ ಪಂದ್ಯವನ್ನು ಇರಾಕಿನ ವಾಯುಪಡೆಯ ತಂಡ 1-0ಯಿಂದ ಗೆದ್ದಿತು. 2018-19ರಲ್ಲಿ ಇಂಡಿಯನ್ ಸೂಪರ್ ಲೀಗ್ ಕಿರೀಟವೂ ಬೆಂಗಳೂರಿಗೆ ಬಂತು.

ಹೊಸ ತಂಡಕ್ಕೆ ಅಷ್ಟು ಬೇಗ ಜನ ಸೇರಿದ್ದು ಹೇಗೆ? ಹಣ, ಗೆಲುವು, ಛೆಟ್ರಿಯ ಹೆಸರು ಎಲ್ಲವೂ ಕಾರಣವೇ. ಇವುಗಳ ಕೆಳಗೆ ಇನ್ನೊಂದು ಕಾರಣವಿದೆ. ಬರಿಗಾಲಲ್ಲಿ ಆಡಿದವರು ಹದ ಮಾಡಿಟ್ಟಿದ್ದ ನೆಲ ಅದು. ಅಮೆರಿಕದಲ್ಲಿ ಲೀಗ್ ಮೊದಲು ಬಂದು ಅಭಿಮಾನಿಗಳಿಗಾಗಿ ನೂರು ವರ್ಷ ಕಾಯಿತು. ಬೆಂಗಳೂರಿನಲ್ಲಿ ಅಭಿಮಾನಿಗಳು ಮೊದಲು ಬಂದು ಲೀಗಿಗಾಗಿ ಕಾದರು.

ಮತ್ತೆ ಯರಗೇರಾಕ್ಕೆ

ಪೆಲೆ 2022ರ ಡಿಸೆಂಬರ್ 29ರಂದು ತೀರಿಕೊಂಡ. ಅದಾಗಿ ಎರಡು ತಿಂಗಳಿಗೆ, 2023ರ ಮಾರ್ಚ್ 4ರಂದು, ಸೌದಿ ಅರೇಬಿಯದ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು. ಅದೇ ವರ್ಷ ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡದ ಹುಡುಗಿಯರು ಭಾರತೀಯ ಮಹಿಳಾ ಲೀಗಿನ ಅಂತಿಮ ಪಂದ್ಯ ಆಡಿದರು. ಚೆಂಡು ಇನ್ನೂ ಉರುಳುತ್ತಿದೆ.

ಇದೆಲ್ಲ ಬೆಂಗಳೂರಿನ ಕಥೆ, ನಮಗೇನು ಎಂದು ರಾಯಚೂರು ಸೀಮೆಯವರು ಅನ್ನಬಹುದು. 1956ರವರೆಗೆ ರಾಯಚೂರು ಹೈದರಾಬಾದು ರಾಜ್ಯದಲ್ಲಿತ್ತು. ಆ ರಾಜ್ಯದ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಸಲ ರೋವರ್ಸ್ ಕಪ್ ಗೆದ್ದಿತ್ತು. ಅದರ ತರಬೇತುದಾರ ಸೈಯದ್ ಅಬ್ದುಲ್ ರಹೀಂ ಮೂಲತಃ ಶಾಲಾ ಮೇಷ್ಟ್ರು. ಅವರ ಮಾರ್ಗದರ್ಶನದಲ್ಲೇ ಭಾರತ 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದಿತು. ಫುಟ್‌ಬಾಲ್ ಈ ಸೀಮೆಗೆ ನೆಂಟನಾದರೂ ದೂರದ ನೆಂಟನಲ್ಲ.

ಇನ್ನು ಉಳಿದದ್ದು ಮನೆಯವರ ಆ ಪ್ರಶ್ನೆ. ಆಡಿದರೆ ಹೊಟ್ಟೆ ತುಂಬುತ್ತದೆಯೇ? ಗೌತಮಪುರದ ತಾಯಂದಿರಿಗೆ ಸಿಕ್ಕ ಉತ್ತರ ಇಂದಿನವರಿಗೆ ಸಿಗುವುದಿಲ್ಲ. ಕಾರ್ಖಾನೆಯ ನೌಕರಿಯಲ್ಲಿ ಮೂವತ್ತು ವರ್ಷದ ಭರವಸೆಯಿತ್ತು. ಕ್ಲಬ್ಬಿನ ಒಪ್ಪಂದ ಕೆಲವೇ ವರ್ಷಗಳದು. ಮೊಣಕಾಲಿಗೆ ಪೆಟ್ಟು ಬಿದ್ದರೆ ಅದೂ ಇಲ್ಲ. ಆದ್ದರಿಂದ ಚೆಂಡಿನ ಜೊತೆ ಪುಸ್ತಕವೂ ಇರಲೇಬೇಕು. ಆದರೆ ಮೈದಾನಕ್ಕೆ ಹೋದ ಮಕ್ಕಳೆಲ್ಲ ವೃತ್ತಿಪರರಾಗಬೇಕೆಂದೇನಿಲ್ಲ. ಕೆಲವರು ಆಡುತ್ತಾರೆ, ಹೆಚ್ಚಿನವರು ಆಡಿದವರನ್ನು ಮೆಚ್ಚಲು ಕಲಿಯುತ್ತಾರೆ. ಅಮೆರಿಕ ನೂರು ವರ್ಷ ಹುಡುಕಿದ್ದೂ ಅಂಥ ಮೆಚ್ಚುವವರನ್ನೇ.

ಮುಂದಿನ ಸಲ ಯರಗೇರಾದಿಂದ ಬೆಂಗಳೂರಿಗೆ ಹೋದವರು ವಿಧಾನಸೌಧ, ಲಾಲ್‌ಬಾಗ್ ನೋಡಿಕೊಂಡು ಹಿಂತಿರುಗುವ ಮುನ್ನ, ಮಕ್ಕಳನ್ನು ಕರೆದುಕೊಂಡು ಗೌತಮಪುರದ ಬೀದಿಗೂ ಒಮ್ಮೆ ಹೋಗಿಬರಬೇಕು. ಪ್ರತಿಮೆಯಾಗಿ ನಿಂತ ಪೆಲೆಗಿಂತ, ಅದರ ಸುತ್ತಲಿನ ಓಣಿಯಲ್ಲಿ ಚೆಂಡು ಒದೆಯುತ್ತಿರುವ ಹುಡುಗರನ್ನು ನೋಡಬೇಕು. ಊರಿಗೆ ಮರಳಿದ ಮೇಲೆ ಮಗನೋ ಮಗಳೋ ಚೆಂಡು ಕೇಳಿದರೆ, ಆಗ ಕೊಡುವ ಉತ್ತರ ಕೊಂಚ ಬೇರೆಯಾಗಿರಲೂಬಹುದು.