ಗಂಡುಮಕ್ಕಳ ಓದು

ಹೆಣ್ಣುಮಕ್ಕಳನ್ನು ಶಾಲೆಗೆ ಕಳುಹಿಸಿರೆಂದು ಗೃಹಸ್ಥರನ್ನು ಬೇಡಿಕೊಳ್ಳುವ ಲೇಖನಗಳನ್ನು ವಾಚಕರು ಬಹಳವಾಗಿ ಓದಿರಬಹುದು. ಗಂಡುಮಕ್ಕಳ ಪರವಾಗಿಯೂ ಎರಡು ಮಾತು ಬರೆಯುವ ಪ್ರಸಂಗ ಬಂದಿತೆಂದರೆ ಕೆಲವರು ನಕ್ಕಾರು. ನಾವೂ ಮೊದಲು ನಕ್ಕವರೇ.

ಕಲಬುರಗಿಗೆ ಸಮೀಪದ ಶರಣಸಿರಸಗಿಯಲ್ಲಿ ನಮ್ಮದು ಕೂಡುಕುಟುಂಬ. ನಮ್ಮ ತಮ್ಮನ ಮಗನೂ, ಅವನಿಗಿಂತ ಕೆಲವು ತಿಂಗಳು ಕಿರಿಯಳಾದ ನಮ್ಮ ಮಗಳೂ ಒಂದೇ ತರಗತಿಯಲ್ಲಿ ಓದಿದವರು. ೨೦೨೫ನೆಯ ಇಸವಿಯ ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಹುಡುಗಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದಳು. ಹುಡುಗನು ಮೂರು ವಿಷಯಗಳಲ್ಲಿ ನಪಾಸಾದನು. ಆ ದಿನ ಸಕ್ಕರೆ ಹಂಚುವುದೋ ಬಿಡುವುದೋ ಎಂಬುದು ಮನೆಯ ಹೆಂಗಸರಿಗೆ ತೋಚಲಿಲ್ಲ. ರಾತ್ರಿ ಹುಡುಕಲಾಗಿ ಅವನು ದನದ ಕೊಟ್ಟಿಗೆಯ ಕತ್ತಲಲ್ಲಿ ಕುಳಿತಿದ್ದನು.

ಇದು ನಮ್ಮೊಂದು ಮನೆಯ ಕಥೆಯಲ್ಲ. ಆ ಪರೀಕ್ಷೆಯಲ್ಲಿ ರಾಜ್ಯದ ಹುಡುಗಿಯರು ನೂರಕ್ಕೆ ೭೪ರಂತೆ ತೇರ್ಗಡೆಯಾದರೆ ಹುಡುಗರು ೫೮ರಂತೆ ಮಾತ್ರ. ನಮ್ಮ ಕಲಬುರಗಿ ಜಿಲ್ಲೆಯಾದರೋ ನೂರಕ್ಕೆ ೪೨ರ ಫಲದೊಡನೆ ಪಟ್ಟಿಯ ಕೊನೆಗೆ ನಿಂತಿತು. ೨೦೧೧ರ ಜನಗಣತಿಯಲ್ಲಿ ಇದೇ ಜಿಲ್ಲೆಯ ಗಂಡಸರಲ್ಲಿ ನೂರಕ್ಕೆ ೭೪, ಹೆಂಗಸರಲ್ಲಿ ೫೫ ಮಂದಿ ಅಕ್ಷರಸ್ಥರಿದ್ದರು. ತಾಯಂದಿರಿಗೆ ಓದು ಬಾರದ ಎಷ್ಟೋ ಮನೆಗಳ ಹೆಣ್ಣುಮಕ್ಕಳು ಇಂದು ಮುಂದಾಗಿದ್ದಾರೆಂಬುದು ಸಂತೋಷದ ಮಾತೇ ಸರಿ. ಆದರೆ ಹುಡುಗರು ಹಿಂದುಳಿದುದೇಕೆ?

ಬುದ್ಧಿ ಸಾಲದೆಂದರೆ ನಾವು ಒಪ್ಪೆವು. ತೊಗರಿಯ ಚೀಲಗಳ ತೂಕವನ್ನೂ ಧಾರಣೆಯನ್ನೂ ಹೇಳಿದರೆ ಈ ಹುಡುಗನು ನಿಂತಲ್ಲಿಯೇ ಬಾಯಿಲೆಕ್ಕ ಕಟ್ಟುವನು. ಅದೇ ಲೆಕ್ಕ ಪುಸ್ತಕದಲ್ಲಿ ನಾಲ್ಕು ಸಾಲಾಗಿ ಬಂದರೆ ಕೈಬಿಡುವನು. ಬಳಿಯಲ್ಲಿ ಕೂರಿಸಿಕೊಂಡು ಓದಿಸಿದಾಗ ನಿಜ ಹೊರಬಿದ್ದಿತು. “ದೊಡ್ಡಪ್ಪ, ಅಕ್ಷರ ಬರ್ತಾವ್ರಿ, ಜಲ್ದಿ ಕೂಡಿಸಿ ಓದ್ಲಾಕ ಬರಲ್ಲ. ಅಕಿ ಮುಂದ ಓದ್ಲಾಕ ನಾಚ್ಕಿ ಬರ್ತದ” ಎಂದನು. ತಂಗಿಯನ್ನು ನೋಡಿ ಕಲಿ ಎಂದು ದಿನಕ್ಕೆರಡು ಬಾರಿ ಹಂಗಿಸಿದವರು ನಾವೇ ಅಲ್ಲವೆ?

೨೦೧೮ರ ಪೀಸಾ ಎಂಬ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ, ಸೇರಿದ್ದ ದೇಶಗಳಲ್ಲೆಲ್ಲ ವಾಚನದಲ್ಲಿ ಹುಡುಗಿಯರ ಸರಾಸರಿಯೇ ಮೇಲಾಗಿತ್ತು. ಗಣಿತದಲ್ಲಿ ಅಂತರ ಅಲ್ಪ. ಸರಾಸರಿಯ ಮಾತು ಹಾಗಿರಲಿ, ಹುಡುಗ ಹುಡುಗರೊಳಗಿನ ಅಂತರವೇ ಅದಕ್ಕಿಂತ ದೊಡ್ಡದು. ಪ್ರಕೃತಿಯ ಭೇದ ಎಷ್ಟೇ ಇರಲಿ, ನಮ್ಮ ಮನೆಯಲ್ಲಿ ನಾವು ಮಾಡಿದ ಭೇದವು ಕಣ್ಣಿಗೆ ಕಾಣುವಂತಿತ್ತು. ಸಂಜೆಯಾದರೆ ಹುಡುಗಿಗೆ ಹೊಸ್ತಿಲು ದಾಟುವ ಹಾಗಿಲ್ಲ. ರೊಟ್ಟಿ ಬಡಿದಾದ ಮೇಲೆ ಅವಳು ಪುಸ್ತಕ ತೆರೆಯುವಳು. ಹುಡುಗನಿಗೆ ಊರೆಲ್ಲ ತೆರೆದಿತ್ತು. ತೊಗರಿ ರಾಶಿಯ ದಿನಗಳಲ್ಲಿ ಶಾಲೆ ಬಿಡಿಸಿ ಅವನನ್ನು ಹೊಲಕ್ಕೆ ಒಯ್ದೆವು. ಮಾರ್ಚಿಯಲ್ಲಿ ಪರೀಕ್ಷೆ ಬಂದಾಗ ಗದರಿಸಿದೆವು.

ಬೈಗಳನ್ನು ಬಿಟ್ಟು ಒಂದು ಉಪಾಯ ಮಾಡಿದೆವು. ಕಣ್ಣು ಮಂಜಾದ ಅಜ್ಜಿಗೆ ದಿನವೂ ವೃತ್ತಪತ್ರಿಕೆ ಓದಿ ಹೇಳುವ ಕೆಲಸವನ್ನು ಅವನಿಗೊಪ್ಪಿಸಿದೆವು. ಅಜ್ಜಿಗೆ ಅಕ್ಷರ ಬಾರದು. ತಡವರಿಸಿದರೆ ಅವಳು ತಪ್ಪು ಹಿಡಿಯಳು, ಸುದ್ದಿ ಅರ್ಧಕ್ಕೆ ನಿಂತರೆ ಮಾತ್ರ ಬಿಡಳು. ಮೊದಮೊದಲು ಒಂದು ಸುದ್ದಿಗೆ ಕಾಲುಗಂಟೆ ಹಿಡಿಯುತ್ತಿತ್ತು. ೨೦೨೪ರಲ್ಲಿ ಆರಂಭವಾದ, ವರ್ಷಕ್ಕೆ ಮೂರು ಪರೀಕ್ಷೆಗಳ ಏರ್ಪಾಡು ಆಗ ಇಂಥವರಿಗೆ ದೊಡ್ಡ ಆಸರೆಯಾಗಿತ್ತು. ಎರಡನೆಯದರಲ್ಲಿ ಒಂದು ವಿಷಯವೂ ಮೂರನೆಯದರಲ್ಲಿ ಉಳಿದೆರಡೂ ಮುಗಿದವು. ಆ ವರ್ಷದ ರಾಶಿಗೆ ಕೂಲಿಯವರನ್ನು ಕರೆಸಿದೆವು. ಖರ್ಚಿಗಾಗಿ ತಮ್ಮನು ಗೊಣಗದೆ ಇರಲಿಲ್ಲ.

ಈ ಸಂಭ್ರಮದ ನಡುವೆ ಮಗಳು ಒಂದು ಸಂಜೆ, “ಅಪ್ಪಾ, ನನಗ ಯಾರೂ ಬಾಜೂಕ ಕೂಡಿಸ್ಕೊಂಡು ಓದಿಸಲೇ ಇಲ್ಲಲ್ಲ?” ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಮರುದಿನದಿಂದ ಮನೆಗೆ ನೀರು ತುಂಬುವ ಕೆಲಸ ಹುಡುಗನ ಪಾಲಿಗೆ ಬಂದಿತು.