ಮನೆಯಲ್ಲಿ ಏನಿದೆ ಎಂದು ಕೇಳದವರು

ಕಳೆದ ತಿಂಗಳ ಒಂದು ಶುಕ್ರವಾರ, ಜುಮಾಕ್ಕೆ ಮುನ್ನ, ನಾವು ಯುವಕರ ಕುರಿತು ಮಾತನಾಡಿದೆವು. ಹಗಲಿಡೀ ಮೊಬೈಲಿನಲ್ಲಿ ಹಾಡು ನೋಡುತ್ತಾ ಕೂರುವವರಿಗೆ ದುಡಿಮೆಯ ಬೆಲೆ ಹೇಗೆ ತಿಳಿದೀತು ಎಂದು ಕೇಳಿದೆವು. ಹಿರಿಯರು ತಲೆದೂಗಿದರು. ಹಿಂದಿನ ಸಾಲಿನ ಯುವಕರು ತಲೆ ತಗ್ಗಿಸಿದರು. ಮಾತು ನಾಟಿತೆಂದು ನಾವು ಸಂತೃಪ್ತರಾದೆವು.

ಅಂದು ಇಶಾ ನಮಾಝಿನ ಬಳಿಕ ನಮ್ಮ ಹಳೆಯ ಮದ್ರಸ ವಿದ್ಯಾರ್ಥಿಯೊಬ್ಬ ಮಸೀದಿಯ ಜಗಲಿಯಲ್ಲಿ ಕಾದಿದ್ದ. ಆಟೋಮೊಬೈಲ್ ಡಿಪ್ಲೊಮಾ ಮುಗಿಸಿ ಎರಡು ವರ್ಷವಾದರೂ ಕೆಲಸ ಸಿಗದವನು. "ಉಸ್ತಾದರೇ, ನಾವು ನೋಡುವುದು ಏನೆಂದು ನೀವೂ ಒಮ್ಮೆ ನೋಡಬೇಕು" ಎಂದು ಮೊಬೈಲನ್ನು ಮುಂದೆ ಹಿಡಿದ. ಹಳೆಯ ಕಾರುಗಳ ಬಗ್ಗೆ ಹುಡುಕುತ್ತಿದ್ದಾಗ ಅವನಿಗೆ ಸಿಕ್ಕಿದ ಇಂಗ್ಲೆಂಡಿನ ಹಾಡೊಂದರ ವೀಡಿಯೊ ಅದು. ಸಂಗೀತದ ವಿಷಯದಲ್ಲಿ ನಮ್ಮ ನಿಲುವು ಅವನಿಗೆ ಗೊತ್ತು. ನಾವು ಹೇಳುವ ಮೊದಲೇ ಧ್ವನಿಯನ್ನು ಪೂರ್ತಿ ತಗ್ಗಿಸಿದ. ಹಾಗಾಗಿ ನಾವು ಅದನ್ನು ಮೌನವಾಗಿಯೇ ನೋಡಿದೆವು.

'ದಿ ಸ್ಪೆಷಲ್ಸ್' ಎಂಬ ತಂಡದ 'ಘೋಸ್ಟ್ ಟೌನ್', ಅಂದರೆ ಪಾಳುಬಿದ್ದ ಪಟ್ಟಣ. 1981ರ ಜೂನ್‌ನಲ್ಲಿ ಬಂದ ಹಾಡು. ಕರಿಯರೂ ಬಿಳಿಯರೂ ಇದ್ದ ಆ ತಂಡ ಕೊವೆಂಟ್ರಿ ನಗರದ್ದು. ಕಾರು ತಯಾರಿಸಿ ಬದುಕುತ್ತಿದ್ದ ಆ ನಗರದ ಕಾರ್ಖಾನೆಗಳು ಆಗ ಒಂದೊಂದಾಗಿ ಸೊರಗುತ್ತಿದ್ದವು. ಬ್ರಿಟನ್ನಿನಲ್ಲಿ ನಿರುದ್ಯೋಗಿಗಳ ಸಂಖ್ಯೆ 25 ಲಕ್ಷ ದಾಟಿತ್ತು. ಮರು ವರ್ಷದ ಜನವರಿಯಲ್ಲಿ ಅದು 30 ಲಕ್ಷವಾಯಿತು. ಏಪ್ರಿಲ್‌ನಲ್ಲಿ ಲಂಡನ್ನಿನ ಬ್ರಿಕ್ಸ್‌ಟನ್, ಜುಲೈಯಲ್ಲಿ ಲಿವರ್‌ಪೂಲಿನ ಟಾಕ್ಸ್‌ಟೆತ್ ಹೊತ್ತಿ ಉರಿದವು. ಅದೇ ಜುಲೈಯಲ್ಲಿ ಈ ಹಾಡು ಆ ದೇಶದ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು.

ವೀಡಿಯೊದಲ್ಲಿ ಕಾಣುವುದು ಇಷ್ಟೇ: ಹಳೆಯ ವಾಕ್ಸ್‌ಹಾಲ್ ಕಾರೊಂದರಲ್ಲಿ ಒತ್ತೊತ್ತಾಗಿ ಕುಳಿತ ಯುವಕರು ಸುರಂಗವನ್ನು ದಾಟಿ, ಪಾಳು ಕಟ್ಟಡಗಳನ್ನು ದಾಟಿ, ನರಪಿಳ್ಳೆಯಿಲ್ಲದ ಬೀದಿಗಳಲ್ಲಿ ಸಾಗುತ್ತಾರೆ. ಕೊನೆಗೆ ನೀರಿಳಿದ ಥೇಮ್ಸ್ ನದಿಯ ದಡದಲ್ಲಿ ನಿಲ್ಲುತ್ತಾರೆ. ಹೋಗಬೇಕಾದ ಊರೇ ಇಲ್ಲದವರ ಪ್ರಯಾಣ ಅದು.

"ಇವರೂ ಸೋಮಾರಿಗಳೇ, ಉಸ್ತಾದರೇ?" ಎಂದು ಕೇಳಿದ ಅವನು. ನಮ್ಮಲ್ಲಿ ಉತ್ತರವಿರಲಿಲ್ಲ.

ಮನೆಗೆ ಬಂದು ಆ ವೀಡಿಯೊ ಕುರಿತು ಓದಿದಾಗ ಎರಡು ಸಂಗತಿಗಳು ತಿಳಿದವು. ಮೊದಲನೆಯದು, ಅದನ್ನು ಚಿತ್ರಿಸಿದ್ದು ಕೊವೆಂಟ್ರಿಯಲ್ಲಲ್ಲ, ಲಂಡನ್ನಿನಲ್ಲಿ. ಆ ನಿರ್ಜನ ಬೀದಿಗಳ ಪೈಕಿ ಕೆಲವು ಬ್ಯಾಂಕುಗಳ ಶ್ರೀಮಂತ ಕೇರಿಯವು. ಭಾನುವಾರದ ನಸುಕಾದ್ದರಿಂದಲೇ ಖಾಲಿಯಾಗಿದ್ದವು. ನಿಜವಾದ ನಿರುದ್ಯೋಗ ಹಾಗೆ ಕಾಣುವುದಿಲ್ಲ. ಕೆಲಸವಿಲ್ಲದ ಊರಿನ ಬೀದಿ ಖಾಲಿಯಿರುವುದಿಲ್ಲ, ತುಂಬಿರುತ್ತದೆ. ನಮ್ಮ ಚಹಾ ಅಂಗಡಿಯ ಬೆಂಚುಗಳನ್ನು ಒಮ್ಮೆ ನೋಡಿದರೆ ಸಾಕು. ಓಡುವ ಕಾರಿನಿಂದ ಬೀದಿ ಕಂಡೀತು, ಮನೆಯ ಒಳಗು ಕಾಣದು.

ಎರಡನೆಯ ಸಂಗತಿ ನಮ್ಮನ್ನು ಹೆಚ್ಚು ಕಾಡಿತು. ಹಾಡನ್ನು ಬರೆದ ಜೆರ್ರಿ ಡ್ಯಾಮರ್ಸ್, ಗ್ಲಾಸ್ಗೋ ನಗರದಲ್ಲಿ ವೃದ್ಧೆಯರು ತಮ್ಮ ಮನೆಯ ಕಪ್ಪು ಬಸಿಗಳನ್ನು ಬೀದಿಯಲ್ಲಿಟ್ಟು ಮಾರುತ್ತಿದ್ದುದನ್ನು ಕಂಡು ದಂಗಾದದ್ದನ್ನು ಮುಂದೆ ನೆನಪಿಸಿಕೊಂಡಿದ್ದಾರೆ. ಅದನ್ನು ಓದುತ್ತಲೇ ನಮಗೆ ಇನ್ನೊಂದು ಬಟ್ಟಲು ನೆನಪಾಯಿತು.

ಅಬೂದಾವೂದ್ ಹದೀಸ್ ಸಂಗ್ರಹದಲ್ಲಿರುವ ಆ ಘಟನೆ ನಮ್ಮ ಮಕ್ಕಳಿಗೂ ಗೊತ್ತು. ಬೇಡಲು ಬಂದ ಅನ್ಸಾರಿ ವ್ಯಕ್ತಿಯೊಬ್ಬರನ್ನು ಪ್ರವಾದಿವರ್ಯರು(ಸ) ಸೋಮಾರಿ ಎಂದು ಜರೆಯಲಿಲ್ಲ. ಮನೆಯಲ್ಲಿ ಏನಿದೆ ಎಂದು ಕೇಳಿದರು. ಇದ್ದದ್ದು ಒಂದು ಕಂಬಳಿ, ನೀರು ಕುಡಿಯುವ ಒಂದು ಬಟ್ಟಲು. ಅವನ್ನು ತರಿಸಿ ತಾವೇ ಹರಾಜು ಹಾಕಿ ಎರಡು ದಿರ್ಹಮ್ ಪಡೆದರು. ಒಂದರಲ್ಲಿ ಮನೆಯವರಿಗೆ ಆಹಾರ, ಇನ್ನೊಂದರಲ್ಲಿ ಕೊಡಲಿ. ಆ ಕೊಡಲಿಗೆ ತಮ್ಮ ಪವಿತ್ರ ಹಸ್ತದಿಂದಲೇ ಕಾವು ಕೂಡಿಸಿ, ಸೌದೆ ಕಡಿದು ಮಾರಲು ಕಳುಹಿಸಿದರು. ಹದಿನೈದು ದಿನಗಳ ಬಳಿಕ ಆ ವ್ಯಕ್ತಿ ಹತ್ತು ದಿರ್ಹಮ್ ಸಂಪಾದಿಸಿ ಮರಳಿದರು.

ದುಡಿಮೆಯ ಮಹತ್ವ ಸಾರಲು ನಾವು ಈ ಹದೀಸನ್ನು ಎಷ್ಟೋ ಬಾರಿ ಹೇಳಿದ್ದೇವೆ. ಆದರೆ 'ದುಡಿ' ಎಂಬ ಆಜ್ಞೆಗೆ ಮೊದಲು ಒಂದು ಪ್ರಶ್ನೆ ಇತ್ತು, ಹರಾಜು ಇತ್ತು, ಕೊಡಲಿಯ ಕಾವು ಇತ್ತು ಎಂಬುದನ್ನು ಮರೆತೇ ಹೇಳಿದ್ದೇವೆ. ಆ ಹಾಡುಗಾರರು ಯುವಕರ ಬದುಕನ್ನು ಕಾರಿನ ಕಿಟಕಿಯಿಂದಲಾದರೂ ನೋಡಿದರು. ನಾವು ಮಿಂಬರಿನ ಬಳಿ ನಿಂತು ಅಷ್ಟನ್ನೂ ನೋಡಿರಲಿಲ್ಲ.

ಮರುದಿನ ಅವನ ಮನೆಗೆ ಹೋದೆವು. ಎರಡು ವರ್ಷಗಳಲ್ಲಿ ಅದು ನಮ್ಮ ಮೊದಲ ಭೇಟಿ. ಏನಿದೆ ಎಂದು ಕೇಳಿದಾಗ ಅವನು ಒಂದು ಸ್ಪ್ಯಾನರ್ ಸೆಟ್ಟು, ಸಂದರ್ಶನಕ್ಕೆ ಹೋಗಿಬಂದ ಬಸ್ ಟಿಕೆಟುಗಳ ಕಟ್ಟು ತೋರಿಸಿದ. ಮುಂದಿನ ಶುಕ್ರವಾರ ಅದೇ ಜನರ ಮುಂದೆ ನಮ್ಮ ಮಾತನ್ನು ಹಿಂತೆಗೆದುಕೊಂಡೆವು. ಊರಿನ ಗ್ಯಾರೇಜುಗಳ ಮಾಲಕರಲ್ಲಿ ಇಬ್ಬರು ನಮ್ಮ ಜಮಾಅತಿನವರೇ. ಅವರನ್ನು ಕಂಡು ಮಾತನಾಡಿದ್ದೇವೆ. ಅವನಿಗೆ ಇನ್ನೂ ಕೆಲಸ ಸಿಕ್ಕಿಲ್ಲ. ಕೊಡಲಿಗೆ ಕಾವು ಕೂಡಿಸುವ ಹೊಣೆ ಇನ್ನೂ ನಮ್ಮೆಲ್ಲರ ಮೇಲಿದೆ.

ಅಲ್ಲಾಹನು ನಮ್ಮ ಮಕ್ಕಳಿಗೆ ಹಲಾಲ್ ದುಡಿಮೆಯ ಬಾಗಿಲು ತೆರೆಯಲಿ. ತೀರ್ಪು ಕೊಡುವ ಮುನ್ನ ಕೇಳುವ ಗುಣವನ್ನು ನಮಗೆ ದಯಪಾಲಿಸಲಿ. ಆಮೀನ್.