ಕಾಲಾಳು ತಿರುಗಿಬಿದ್ದರೆ

ಓಕಳಿಪುರಂನಲ್ಲಿ ರೈಲುಹಳಿಗೆ ಸಮೀಪದ ಒಂದು ಮನೆ. ಗಾಡಿ ಹೋದಾಗಲೆಲ್ಲ ಚದುರಂಗದ ಮಣೆಯ ಮೇಲಿನ ಕಾಯಿಗಳು ಕೊಂಚ ನಡುಗುತ್ತವೆ. ಅದೇ ಸಮಯ ಸಾಧಿಸಿ ತಾತ ತಮ್ಮ ಕಾಯಿಯನ್ನು ಅನುಕೂಲದ ಮನೆಗೆ ಸರಿಸಿಕೊಳ್ಳುತ್ತಾರೆಂಬುದು ಮೊಮ್ಮಗನ ಹಳೆಯ ದೂರು.

ಈಗ ಮೊಮ್ಮಗ ಮಣೆಯನ್ನೇ ಬಿಟ್ಟಿದ್ದಾನೆ. ಇಂಜಿನಿಯರಿಂಗ್ ಓದುತ್ತ, ರಾತ್ರಿಯೆಲ್ಲ ಕುಳಿತು, ಮೈಸೂರು ಸಂಸ್ಥಾನವನ್ನು ಆಳುವ ಕಂಪ್ಯೂಟರ್ ಆಟವೊಂದನ್ನು ಕಟ್ಟುತ್ತಿದ್ದಾನೆ. ಕೋಟೆ, ಕಂದಾಯ, ಕುದುರೆಲಾಯ ಎಲ್ಲವೂ ಸಿದ್ಧ, ದಂಗೆಯೊಂದು ಬಾಕಿ. ಅದಕ್ಕೂ ಸೂತ್ರ ಹಾಕಿದ: ಕಂದಾಯ ಏರಿದಂತೆ ಅಸಮಾಧಾನದ ಅಂಕ ಏರಬೇಕು, 100 ಮುಟ್ಟಿದೊಡನೆ ದಂಗೆ, ದಂಡು ಕಳುಹಿಸಿದರೆ ಅಂಕ ಮತ್ತೆ ಸೊನ್ನೆ. ಕಂಪ್ಯೂಟರಿನ ಪ್ರಜೆಗಳು ಬಹಳ ಸಾಧುಗಳೆನ್ನಬೇಕು.

“ಯಾವ ರಾಜರೋ ನಿನ್ನ ಆಟದಲ್ಲಿ?”

“ಮುಮ್ಮಡಿ ಕೃಷ್ಣರಾಜ ಒಡೆಯರು, ತಾತ.”

ತಾತ ನಕ್ಕರು. ಆಟಗಳನ್ನು ಅವರಷ್ಟು ಪ್ರೀತಿಸಿದ ಅರಸರು ವಿರಳ. ಚದುರಂಗದ ಕುದುರೆಯನ್ನು 64 ಮನೆಗಳಲ್ಲೂ ಒಂದೊಂದೇ ಸಲ ನಿಲ್ಲಿಸುವ ನಡೆಗಳನ್ನು ಹೆಣೆದವರು. ಗಂಜೀಫಾ ಎಲೆಗಳಿಗೆ ಹೊಸ ಹೊಸ ಆಟಗಳನ್ನು ಕಲ್ಪಿಸಿದವರು. ಆದರೆ ಮಣೆಯ ಕಾಲಾಳು ತನ್ನ ಅರಸನಿಗೆ ಎಂದೂ ತಿರುಗಿಬೀಳುವುದಿಲ್ಲ. 1830ರಲ್ಲಿ ನಗರ ಸೀಮೆಯ ರೈತರು ತಿರುಗಿಬಿದ್ದರು.

“ಅವರು ಒಮ್ಮೆಲೇ ಕತ್ತಿ ಹಿಡಿಯಲಿಲ್ಲ, ಮಗು. ಆಗ ಶರತ್ತು ಪದ್ಧತಿ ಇತ್ತು. ಇಷ್ಟು ಹಣ ತಂದೇ ತೀರುತ್ತೇನೆಂದು ಅಮಲ್ದಾರ ಬರೆದುಕೊಡಬೇಕು. ಕಡಿಮೆಯಾದರೆ ಕೈಯಿಂದ ತುಂಬಬೇಕು. ಅವನು ರೈತನ ಕೊರಳನ್ನಲ್ಲದೆ ಇನ್ನಾರ ಕೊರಳನ್ನು ಹಿಡಿದಾನು? ರೈತರು ಕೂಟ ಸೇರಿದರು, ದೂರು ಹೇಳಿಕೊಂಡರು. ನಿನ್ನ ಆಟದಲ್ಲಿ ದೂರು ಕೇಳುವ ಗುಂಡಿ ಎಲ್ಲಿದೆ?”

ಇರಲಿಲ್ಲ.

ಬೂದಿ ಬಸವಪ್ಪನ ಕಥೆ ಹುಡುಗನನ್ನು ಇನ್ನಷ್ಟು ಕಾಡಿತು. ತಾನು ನಗರದ ಹಳೆಯ ಅರಸುಮನೆತನದವನೆಂದು ಆತ ಹೇಳಿಕೊಂಡ. ಜನ ಹಿಂದೆ ಹೊರಟರು. ತರೀಕೆರೆಯ ಪಾಳೆಯಗಾರ ರಂಗಪ್ಪ ನಾಯಕನೂ ಎದ್ದ. ಹೈದರಾಲಿ ಬಿದನೂರನ್ನು ಗೆದ್ದದ್ದು 1763ರಲ್ಲಿ. ಗೆದ್ದ ಸೀಮೆ ತನ್ನ ಹಳೆಯ ದೊರೆಯನ್ನು ಮರೆಯಲು 67 ವರ್ಷವೂ ಸಾಲದೆ? ಆ ಲೆಕ್ಕವನ್ನು ಯಾವ ಅಂಕದಲ್ಲಿ ಹಿಡಿಯುವುದು?

“ಕೊನೆಗೆ ಗೆದ್ದದ್ದು ರಾಜರೋ ರೈತರೋ?” ಅವನ ಸೂತ್ರದಲ್ಲಿ ಇದ್ದದ್ದು ಎರಡೇ ಫಲ.

“ಮೂರನೆಯವನು,” ಎಂದರು ತಾತ. ದಂಗೆ ಅಡಗಿಸಲು ದಂಡು ಕೊಟ್ಟ ಕಂಪನಿ 1831ರಲ್ಲಿ ಆಡಳಿತವನ್ನೇ ಕಿತ್ತುಕೊಂಡಿತು. ಮುಮ್ಮಡಿಯವರು 1868ರಲ್ಲಿ ಕಾಲವಾಗುವವರೆಗೂ ಅದು ಅವರ ಕೈಗೆ ಮರಳಲಿಲ್ಲ. 1881ರಲ್ಲಿ ಪಡೆದವರು ಅವರ ದತ್ತುಪುತ್ರ.

ಹುಡುಗ ಮೂರು ರಾತ್ರಿ ತಿದ್ದಿದ. ನಾಲ್ಕನೆಯ ದಿನ ತಾತನನ್ನೇ ಸಿಂಹಾಸನದ ಮೇಲೆ ಕೂರಿಸಿದ. ಬಂದ ದೂರುಗಳನ್ನು ಓದಲು ಅವರಿಗೆ ಕನ್ನಡಕ ಬೇಕಾಯಿತು. ಹುಡುಕಿ ತರುವಷ್ಟರಲ್ಲಿ ನಗರ ಎದ್ದಿತ್ತು. ದಂಡಿಗಾಗಿ ಕಂಪನಿಗೆ ಓಲೆ ಕಳುಹಿಸಿದರು.

“ಲೋ, ಒಂದು ನಡೆ ಹಿಂದಕ್ಕೆ ಹಾಕೋ,” ಎಂದರು ತಾತ. ಹೊರಗೆ ಗಾಡಿಯೊಂದು ಹಾದುಹೋಗುತ್ತಿತ್ತು.

“ಇದರಲ್ಲಿ ಆಗೋದಿಲ್ಲ, ತಾತ.”